ಜಾರುಬಂಡಿಯ ಮೇಲಿನ ಹೆಸರು

ಪಾಲಾಕ್ಷಪ್ಪನವರ ಬಡಾವಣೆಯಲ್ಲಿ ಮಕ್ಕಳು ರಸ್ತೆಯಲ್ಲೇ ಆಡುತ್ತಿದ್ದರು. ಸ್ಕೂಟರು ಬಂದರೆ ಪಕ್ಕಕ್ಕೆ ಸರಿಯುತ್ತಿದ್ದರು, ಹೋದ ಮೇಲೆ ಮತ್ತೆ ಆಡುತ್ತಿದ್ದರು. ಒಂದು ಸಂಜೆ ಇಂಚರ ಎಂಬ ಹುಡುಗಿ ಸರಿಯುವುದು ತಡವಾಗಿ ಮೊಣಕಾಲು ತರಚಿಕೊಂಡಳು. ಆಗ ಹಿರಿಯರು ಸಭೆ ಸೇರಿ, ಖಾಲಿ ಬಿದ್ದಿದ್ದ ಜಾಗದಲ್ಲಿ ಆಟದ ಮೈದಾನ ಮಾಡುವುದೆಂದು ತೀರ್ಮಾನಿಸಿದರು.

ದಾನಿಗಳಿಗೆ ಕೊರತೆಯಾಗಲಿಲ್ಲ. ಅವರ ಕೋರಿಕೆ ಒಂದೇ: ತಮ್ಮದೋ ಮನೆಯ ಹಿರಿಯರದೋ ಹೆಸರು ಚೆನ್ನಾಗಿ ಕಾಣುವಂತೆ ಬರೆಸಬೇಕು. ಹೆಸರಿಲ್ಲದ ದಾನ ಆ ಊರಿಗೆ ಪರಿಚಯವಿರಲಿಲ್ಲ. ಶಾಲೆಯ ನೀರಿನ ಲೋಟದ ಮೇಲೂ ಯಾರದೋ ಅಜ್ಜಿಯ ಹೆಸರಿತ್ತು.

ಐತಾಳರು ಉಯ್ಯಾಲೆ ಕೊಟ್ಟು ಅದರ ಮಣೆಯ ಮೇಲೆ ತಂದೆಯ ಹೆಸರು ಬರೆಸಿದರು. ಅಕ್ಕಿ ಗಿರಣಿಯ ಅಣ್ಣತಮ್ಮಂದಿರು ಏರಿಳಿಯುವ ಸೀಸಾ ಹಲಗೆ ಕೊಟ್ಟು ಈ ತುದಿಗೆ ಅಣ್ಣನ ಹೆಸರು, ಆ ತುದಿಗೆ ತಮ್ಮನ ಹೆಸರು ಬರೆಸಿದರು. ಪಾಲಾಕ್ಷಪ್ಪನವರು ಕೊಟ್ಟದ್ದು ಜಾರುಬಂಡಿ. ಬಹಳ ಯೋಚಿಸಿಯೇ ಕೊಟ್ಟದ್ದು, ಏಕೆಂದರೆ ಎಲ್ಲಕ್ಕಿಂತ ದೊಡ್ಡ ಅಕ್ಷರ ಹಿಡಿಸುವುದು ಅದರಲ್ಲೇ. ಜಾರುವ ತಗಡಿನ ಉದ್ದಕ್ಕೂ ಕೆಂಪು ಬಣ್ಣದಲ್ಲಿ 'ದಿವಂಗತ ಹಾಲಮ್ಮನವರ ಸ್ಮರಣಾರ್ಥ' ಎಂದು ಬರೆಸಿದರು. ಹಾಲಮ್ಮ ಅವರ ತಾಯಿ. ಆಕೆಯದೊಂದು ಫೋಟೋ ಕೂಡ ಇರಲಿಲ್ಲ. ಈ ಅಕ್ಷರಗಳು ಅಳಿಸಿಹೋದರೆ ಅಮ್ಮ ಇದ್ದಳೆಂಬುದಕ್ಕೆ ಗುರುತೇ ಉಳಿಯುವುದಿಲ್ಲ ಎಂಬ ಅಳುಕು ಅವರಿಗಿತ್ತು.

ಉದ್ಘಾಟನೆ ಸಾಂಗವಾಗಿ ನಡೆಯಿತು. ಕಾಯಿ ಒಡೆದರು, ಭಾಷಣ ಮಾಡಿದರು, ಮೈಸೂರುಪಾಕು ಹಂಚಿದರು. ಕೊನೆಗೆ ಮಕ್ಕಳನ್ನು ಒಳಗೆ ಬಿಟ್ಟಾಗ ಯಾರೂ ಯೋಚಿಸದಿದ್ದ ಒಂದು ಸಂಗತಿ ಗೊತ್ತಾಯಿತು. ಮಕ್ಕಳು ಆಟದ ಸಾಮಾನಿನ ಮೇಲೆ ಕೂರುತ್ತಾರೆ.

ಒಬ್ಬ ಹುಡುಗ ಚಪ್ಪಲಿ ಕಾಲಿನಲ್ಲೇ ಹಾಲಮ್ಮನವರ ತುದಿಗೆ ಹತ್ತಿದ. ಪಾಲಾಕ್ಷಪ್ಪನವರು ಓಡಿಹೋಗಿ ಇಳಿಸಿದರು. ತಂದೆಯ ಹೆಸರಿನ ಮೇಲೆ ಕೂತಿದ್ದವನನ್ನು ಐತಾಳರು ಎಬ್ಬಿಸಿದರು. ಸೀಸಾದಲ್ಲಿ ಅಣ್ಣ ಮೇಲೆ ಹೋಗಿ ತಮ್ಮ ನೆಲ ಮುಟ್ಟಿದ್ದೇ ಗಿರಣಿಯವರಲ್ಲಿ ಮಾತಿಗೆ ಮಾತು ಬೆಳೆಯಿತು. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಎನ್ನುವಂತೆ ಹಲಗೆಯನ್ನು ಸಮನಾಗಿ ನಿಲ್ಲಿಸಿ ಹಗ್ಗದಿಂದ ಬಿಗಿದರು. ಹೆಸರುಗಳನ್ನೆಲ್ಲ ಗೇಟಿನ ಫಲಕಕ್ಕೆ ಹಾಕೋಣ ಎಂದು ಯಾರೋ ಸಲಹೆ ಕೊಟ್ಟರು. ಮೊದಲ ಹೆಸರು ಯಾರದು ಎಂಬ ಪ್ರಶ್ನೆ ಬಂದು ಆ ಸಲಹೆ ಅಲ್ಲಿಗೇ ನಿಂತಿತು.

ಹೀಗೆ ಮೈದಾನ ಬಹಳ ಅಚ್ಚುಕಟ್ಟಾಗಿ ಉಳಿಯಿತು. ಮಕ್ಕಳು ರಸ್ತೆಗೆ ಮರಳಿದರು, ಸ್ಕೂಟರುಗಳೂ ಎಂದಿನಂತೆ ಓಡಾಡಿದವು. ಪಾಲಾಕ್ಷಪ್ಪನವರು ದಿನವೂ ಸಂಜೆ ಒದ್ದೆ ಬಟ್ಟೆ ತಂದು ಅಮ್ಮನ ಹೆಸರಿನ ಧೂಳು ಒರೆಸಿ, ಪಕ್ಕದಲ್ಲೇ ಕುರ್ಚಿ ಹಾಕಿ ಕಾವಲು ಕೂರುತ್ತಿದ್ದರು. ಆ ಹೆಸರನ್ನು ಓದಲು ಅವರನ್ನು ಬಿಟ್ಟು ಬೇರೆ ಯಾರೂ ಬರುತ್ತಿರಲಿಲ್ಲ.

ಒಂದು ದಿನ ಇಂಚರ ಬಂದಳು. ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟಿದ್ದಳು. ಜಾರುಬಂಡಿಯನ್ನು ನೋಡಿದಳು, ಅವರನ್ನು ನೋಡಿದಳು.

"ಅಜ್ಜ, ಹಾಲಮ್ಮ ಅಂದ್ರೆ ಯಾರು?"

"ನಮ್ಮವ್ವ."

"ಮೇಲೆ ಹತ್ತಿ ಜಾರಿದ್ರೆ ಅವರು ಬಯ್ತಿದ್ರಾ?"

ಬಯ್ಯುತ್ತಿದ್ದಳು ಎನ್ನಲು ಪಾಲಾಕ್ಷಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ, ಮಧ್ಯಾಹ್ನದ ಹೊತ್ತು ಅಮ್ಮ ಚಾಪೆಯ ಮೇಲೆ ಮೊಣಕಾಲು ಮಡಿಸಿ ಮಲಗುತ್ತಿದ್ದದ್ದು ಕಣ್ಣಿಗೆ ಬಂತು. ಮಕ್ಕಳೆಲ್ಲ ಸರದಿಯಲ್ಲಿ ಆ ಮೊಣಕಾಲಿನ ಮೇಲೆ ಹತ್ತಿ ಪಾದದವರೆಗೆ ಜಾರುತ್ತಿದ್ದರು. ಸರದಿ ತಪ್ಪಿಸಿ ಎರಡು ಸಲ ಜಾರುತ್ತಿದ್ದವರು ಪಾಲಾಕ್ಷಪ್ಪನವರೇ. ಅವಳು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು. ಊರಿಗೆ ಜಾರುಬಂಡಿ ಬರುವುದಕ್ಕೆ ಎಷ್ಟೋ ಮೊದಲೇ ಅವರ ಮನೆಯಲ್ಲಿ ಒಂದಿತ್ತು.

ಪಾಲಾಕ್ಷಪ್ಪನವರು ಕನ್ನಡಕ ತೆಗೆದು, ಅಮ್ಮನ ಹೆಸರು ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡರು.

"ಇಲ್ಲ ಕಣವ್ವ, ಬಯ್ತಿರಲಿಲ್ಲ. ಹತ್ತು," ಎಂದರು.

ಇಂಚರ ಹತ್ತಿ ಜಾರಿದಳು. ಅವಳ ಹಿಂದೆ ಬೀದಿಯ ಮಕ್ಕಳೆಲ್ಲ ಬಂದರು. ಐತಾಳರು ನಾಲ್ಕು ದಿನ ಬಿಗುಮಾನದಿಂದ ಇದ್ದು, ಅಪ್ಪನ ಮಣೆ ಮಾತ್ರ ಬಿಕೋ ಅನ್ನುತ್ತಿದೆಯೆಂದು ತಾವೇ ಮಕ್ಕಳನ್ನು ಕರೆದು ಕೂರಿಸಿ ತೂಗಿದರು. ಗಿರಣಿಯ ತಮ್ಮ ಹಗ್ಗ ಬಿಚ್ಚಿದರು. ಅಣ್ಣ ನೋಡಿಯೂ ನೋಡದಂತೆ ಇದ್ದುಬಿಟ್ಟರು.

ಮುಂದಿನ ಬೇಸಿಗೆಯ ಹೊತ್ತಿಗೆ ಜಾರುಬಂಡಿಯ ಅಕ್ಷರಗಳು ಮಕ್ಕಳ ಚಡ್ಡಿ ಲಂಗಗಳಿಗೆ ಅಂಟಿಕೊಂಡು ಹೋಗಿ, ತಗಡು ಕನ್ನಡಿಯಂತೆ ಹೊಳೆಯತೊಡಗಿತು. ಮತ್ತೆ ಬರೆಸೋಣವೆಂದು ಪಾಲಾಕ್ಷಪ್ಪನವರು ಪೇಂಟರನ್ನು ಕರೆದುಕೊಂಡು ಬಂದರು. ಆಗ ಗೇಟಿನ ಬಳಿ ಇಂಚರ ಬೀದಿಯಾಚೆಯ ಗೆಳತಿಯನ್ನು ಕೂಗಿ ಕರೆಯುತ್ತಿದ್ದಳು.

"ಏ, ಬೇಗ ಬಾರೇ, ನಾನು ಹಾಲಮ್ಮನ ಹತ್ರ ಇರ್ತೀನಿ."

ಆ ಗೆಳತಿ ಬಡಾವಣೆಗೆ ಹೊಸಬಳು. ಹಾಲಮ್ಮ ಎಂದರೆ ಯಾರೆಂದು ಅವಳು ಕೇಳಲಿಲ್ಲ. ನೇರ ಜಾರುಬಂಡಿಗೇ ಓಡಿದಳು.

ಪಾಲಾಕ್ಷಪ್ಪನವರು ಪೇಂಟರಿಗೆ ಟೀ ಕುಡಿಸಿ ವಾಪಸು ಕಳಿಸಿದರು.

ನೀತಿ: ಹಿರಿಯರ ಹೆಸರು ಉಳಿಯಬೇಕಾದರೆ ಅವರ ಹೆಸರಿನಲ್ಲಿ ಕೊಟ್ಟದ್ದು ಸವೆಯಬೇಕು. ಯಾರೂ ಮುಟ್ಟದಂತೆ ಕಾದಿಟ್ಟ ಹೆಸರನ್ನು ಓದಲು ಕಾವಲುಗಾರನೊಬ್ಬನೇ ಇರುತ್ತಾನೆ.