ಯುವರಾಜನ ರಥಕ್ಕೊಂದು ಗಂಟೆ

"ಮಹಾರಾಜರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆಬಾಗಿಲಿಗೆ. ಸಂಜೆಯೊಳಗೆ ಯಾರೂ ಬಿಡಿಸದಿದ್ದರೆ ಗಂಟೆ ಕಾನೂನು ರದ್ದು."

ತೊರೆನಾಡಿನಲ್ಲಿ ಹೀಗೆ ಡಂಗುರ ಹೊಡೆಸಿದರು. ಅಲ್ಲಿ ಗಾಡಿ, ರಥ ಇದ್ದವರೆಲ್ಲ ವರ್ಷಕ್ಕೊಮ್ಮೆ ವಿಮೆ ಭಂಡಾರಕ್ಕೆ ಕಂತು ಕಟ್ಟಬೇಕು. ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರ ಭಂಡಾರದ್ದು. ಕುಡಿದು ಓಡಿಸಿ ಶಿಕ್ಷೆಯಾದವನಿಗೆ ಮಾತ್ರ ಐದು ವರ್ಷ ಮೂರು ಪಟ್ಟು ಕಂತು, ಜೊತೆಗೆ ಗಾಡಿಯ ಅಚ್ಚಿಗೊಂದು ಗಂಟೆ. ಈ ಗಂಟೆ ಕಾನೂನು ನ್ಯಾಯವೆಂದು ಎಲ್ಲರೂ ಒಪ್ಪಿದ್ದರು. ಅಷ್ಟರಲ್ಲಿ ಯುವರಾಜ ಚಂಡಸೇನ ಕುಡಿದು ರಥ ಓಡಿಸಿ, ಹೂ ಮಾರುವ ಸಿದ್ದಮ್ಮನನ್ನು ಕೊಂದ. ನ್ಯಾಯಾಧಿಕಾರಿ ಶಿಕ್ಷೆ ವಿಧಿಸಿದ. ಭಂಡಾರದವರು ಗಂಟೆ ಹಿಡಿದುಕೊಂಡು ಅರಮನೆಗೆ ಬಂದರು. ಕಾನೂನು ಎಷ್ಟು ಕ್ರೂರವಾದದ್ದೆಂದು ಮಹಾರಾಜರಿಗೆ ಅಂದು ಹೊಳೆಯಿತು. ಸುಮ್ಮನೆ ರದ್ದು ಮಾಡಿದರೆ ಜನ ಆಡಿಕೊಂಡಾರೆಂದು ಒಗಟಿನ ನೆಪ ಹೂಡಿದರು.

"ಕುಡಿದದ್ದು ಒಂದು ಸಂಜೆ, ಇಳಿಯದ್ದು ಐದು ವರ್ಷ. ಅದು ಯಾವ ಅಮಲು?" ಎಂದು ಸಭೆಯಲ್ಲಿ ಮಹಾರಾಜರು ಕೇಳಿದರು.

ಆಸ್ಥಾನಕವಿ ಎದ್ದು, "ಪ್ರೇಮ" ಎಂದ. ತಲೆ ಹೋಯಿತು.

ದಂಡನಾಯಕ ಎದ್ದು, "ತಮ್ಮ ಕೃಪೆ" ಎಂದ. ಉತ್ತರ ಮಹಾರಾಜರಿಗೆ ಬಹಳ ಹಿಡಿಸಿತು. ತಲೆ ಉಳಿಯಲಿಲ್ಲ.

ಮೂರನೆಯವನಾಗಿ ಬಂದವನು ಹುಲ್ಲಿನ ಗಾಡಿ ಹೊಡೆಯುವ ತಿಪ್ಪ. ಅವನ ಗಾಡಿಗೂ ಗಂಟೆಯಿತ್ತು. ಹಿಂದೊಮ್ಮೆ ಕುಡಿದು ಕುಂಬಾರರ ಗೋಡೆ ಕೆಡವಿದ್ದ. ಕಂತು ಇನ್ನೆರಡು ವರ್ಷ ಬಾಕಿಯಿತ್ತು.

"ಅದು ಶಿಕ್ಷೆ, ಬುದ್ಧಿ," ಎಂದು ತಿಪ್ಪ ದೊರೆಗೆ ಕೈಮುಗಿದ. "ಹೆಂಡ ಬೆಳಿಗ್ಗೆಗೇ ಇಳೀತು. ಕಂತು ಇನ್ನೂ ಇಳಿದಿಲ್ಲ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

"ಒಬ್ಬ ಕುಡಿಯುತ್ತಾನೆ, ಕುಡಿಯದವರು ದುಡ್ಡು ಕೊಡುತ್ತಾರೆ. ಅದು ಯಾವ ಅಂಗಡಿ?" ಎಂದು ಮಹಾರಾಜರು ಎರಡನೆಯದು ಕೇಳಿದರು.

"ಗಂಟೆ ಕಾನೂನಿಲ್ಲದ ವಿಮೆ ಭಂಡಾರ. ಆ ಕಾನೂನು ಇಲ್ಲದಿದ್ರೆ ನಾನು ಗೋಡೆ ಕೆಡವಿದ್ದಕ್ಕೆ ಕುಡಿಯದವರೂ ಹೆಚ್ಚು ಕಟ್ಟಬೇಕಾಗ್ತಿತ್ತು. ನನ್ನ ಕಂತೇ ಏರಿಸಿದರು, ಅವರದು ಉಳೀತು."

ಮಹಾರಾಜರು ಮುಂದಕ್ಕೆ ಬಾಗಿದರು. "ಲೋ ತಿಪ್ಪ, ನೀನು ಸುಮ್ಮನಿದ್ದರೆ ನಾಳೆ ನಿನ್ನ ಗಂಟೆಯೂ ಕಳಚುತ್ತದೆ. ತಲೆಯೂ ಉಳಿಯುತ್ತದೆ. ಈಗಲೂ ಎದ್ದು ಹೋಗಬಹುದು."

"ಆಸೆಯೇನೋ ಇದೆ, ಬುದ್ಧಿ. ಆದರೆ ನನ್ನ ತಂಗಿ ಸಿದ್ದಮ್ಮ ಸತ್ತ ಬೀದೀಲೇ ನೀರಿಗೆ ಹೋಗ್ತಾಳೆ. ಯುವರಾಜರ ರಥಕ್ಕೆ ಗಂಟೆಯಿದ್ರೆ ಅವಳು ಪಕ್ಕಕ್ಕಾದರೂ ಸರೀತಾಳೆ."

ಮಹಾರಾಜರ ದನಿ ತಗ್ಗಿತು. "ಮೂರು ಪಟ್ಟು ಸುರಿದರೂ ತುಂಬದ್ದು ಯಾವುದು?"

ಈ ಉತ್ತರ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಪ್ಪು ಹೇಳಿದರೆ ತಮ್ಮ ತಲೆ ಹೋಗುತ್ತದೆ, ಸರಿ ಹೇಳಿದರೆ ಮನೆಯವರದೂ ಹೋಗಬಹುದು ಎಂಬ ಲೆಕ್ಕದಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು.

"ದೇವಸ್ಥಾನದ ಮೆಟ್ಟಿಲ ಬಳಿ ಸಿದ್ದಮ್ಮ ಕೂರ್ತಿದ್ದ ಜಾಗ," ಎಂದ ತಿಪ್ಪ. "ಕಂತು ಭಂಡಾರ ತುಂಬುತ್ತೆ, ಬುದ್ಧಿ. ಅದನ್ನ ತುಂಬಲ್ಲ."

ಸಿಂಹಾಸನದ ಪಕ್ಕ ಕೂತಿದ್ದ ಚಂಡಸೇನ ಮುಖ ಎತ್ತಲಿಲ್ಲ. ಡಂಗುರ ಇಡೀ ನಾಡು ಕೇಳಿತ್ತು, ಹಿಂದೆಗೆಯಲು ದಾರಿಯಿರಲಿಲ್ಲ. ಕಾನೂನು ಉಳಿಯಿತು, ಯುವರಾಜನ ರಥಕ್ಕೆ ಗಂಟೆ ಬಿತ್ತು, ತಿಪ್ಪನಿಗೆ ಅರ್ಧ ರಾಜ್ಯ ಸಿಕ್ಕಿತು.

ಹೊಸ ದೊರೆ ಭಂಡಾರಕ್ಕೆ ಹೋಗಿ ತನ್ನ ಕಂತು ಇಳಿಸಲು ಸಾಧ್ಯವೇ ಎಂದು ವಿಚಾರಿಸಿದ. ದೊರೆತನಕ್ಕೆ ರಿಯಾಯಿತಿಯಿಲ್ಲ ಎಂದರು. ಈಗಷ್ಟೇ ಅದನ್ನು ಸಾಬೀತು ಮಾಡಿದವನೇ ಅವನಾದ್ದರಿಂದ ವಾದಿಸಲಿಲ್ಲ.

ಎರಡು ವರ್ಷ ತೊರೆನಾಡಿನಲ್ಲಿ ಎರಡು ರಾಜರಥಗಳು ಗಂಟೆ ಬಾರಿಸಿಕೊಂಡು ಓಡಾಡಿದವು. ಸದ್ದು ಕೇಳಿದೊಡನೆ ಜನ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ತಿಪ್ಪನ ತಂಗಿಯೂ ಕೊಡ ಹಿಡಿದು ಹಾಗೆಯೇ ನಿಲ್ಲುತ್ತಿದ್ದಳು, ಬರುವ ರಥ ಅಣ್ಣನದೇ ಆದರೂ.