ಯಾರ ಕೈಯೂ ಸೋಕದ ನೀಲ

ಚಿಕ್ಕಹಟ್ಟಿಯ ಪಾಳೇಗಾರ ಭೂಪಾಲನಾಯಕರದು ಅತಿ ಮಡಿ. ಒಂದು ದಿನ ಅಕ್ಕಸಾಲಿ ಮೋನಾಚಾರಿಯನ್ನು ಕರೆಸಿ ಹೇಳಿದರು: "ನನಗೊಂದು ನೀಲದ ಉಂಗುರ ಬೇಕು. ಆ ಕಲ್ಲನ್ನು ನನಗಿಂತ ಮೊದಲು ಯಾರ ಕೈಯೂ ಸೋಕಿರಬಾರದು. ಆಗದಿದ್ದರೆ ಗಂಟುಮೂಟೆ ಕಟ್ಟಿ ಊರು ಬಿಡು."

ಮೋನಾಚಾರಿಗೆ ಅದು ತಾತನ ಕಾಲದಿಂದ ಬಾಳಿದ ಊರು. ಆದರೂ ಕೈಮುಗಿದು, "ಅಪ್ಪಣೆ, ಬುದ್ಧಿ" ಎಂದ.

ಮರುದಿನ ನೀಲದ ಗಣಿಯಿಂದ ಒಂದು ಗಾಡಿ ಕೆಸರುಮಣ್ಣು ಅರಮನೆಯ ಅಂಗಳಕ್ಕೆ ಬಂದು ಬಿತ್ತು. ಜೊತೆಗೆ ಮೋನಾಚಾರಿಯೂ ಗಣಿಯಲ್ಲಿ ಕಲ್ಲು ಆರಿಸುವ ಮುದುಕಿ ಹನುಮವ್ವನೂ ಬಂದರು.

"ಇದೇನೋ ಇದು?" ಎಂದು ನಾಯಕರು ಗದರಿದರು.

"ನಿಮ್ಮ ನೀಲ ಇದರೊಳಗಿದೆ, ಬುದ್ಧಿ. ಗುದ್ದಲಿ ಸೋಕಿದೆಯೇ ಹೊರತು ಕೈ ಸೋಕಿಲ್ಲ. ತಾವೇ ತೊಳೆದು ಹುಡುಕಬೇಕು," ಎಂದ ಮೋನಾಚಾರಿ.

ಆಡಿದ ಮಾತು ನುಂಗುವುದು ಹೇಗೆ? ನಾಯಕರು ಜರಿಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತರು. ಮಧ್ಯಾಹ್ನದ ಹೊತ್ತಿಗೆ ಮೀಸೆಗೂ ಕೆಸರು ಮೆತ್ತಿತ್ತು, ಬೆರಳೆಲ್ಲ ತರಚಿತ್ತು, ನೀಲ ಮಾತ್ರ ಸಿಗಲಿಲ್ಲ. ಕೊನೆಗೆ ಹನುಮವ್ವ ದೂರದಿಂದಲೇ ಬೆರಳು ತೋರಿಸಿದಳು. "ಅಗೋ ನನ್ನಪ್ಪ, ನಿನ್ನ ಎಡಗಾಲ ಹತ್ರ!"

ಎತ್ತಿ ನೋಡಿದರೆ ಹುಣಸೆಬೀಜದಂಥ ಮಂಕು ಕಲ್ಲು.

"ಸಾಣೆ ಹಿಡಿದರೆ ಹೊಳೆಯುತ್ತೆ," ಎಂದ ಮೋನಾಚಾರಿ. "ಸಾಣೆ ಚಕ್ರವನ್ನೂ ತಮ್ಮ ಮುಂದೆಯೇ ತಂದಿಡಲೇ?"

ನಾಯಕರು ತಮ್ಮ ಕೈ ನೋಡಿಕೊಂಡರು. ಹನುಮವ್ವನ ಕೈಯನ್ನೂ ನೋಡಿದರು. ಆಮೇಲೆ ಬಿದ್ದು ಬಿದ್ದು ನಕ್ಕರು. "ಮುಟ್ಟಯ್ಯಾ, ಎಲ್ಲರೂ ಮುಟ್ಟಲಿ!"

ಸಾಣೆಗಾರ ಸಾಣೆ ಹಿಡಿದ, ಮೋನಾಚಾರಿ ಚಿನ್ನದಲ್ಲಿ ಕೂರಿಸಿದ. ಉಂಗುರ ತೊಡುವ ದಿನ ನಾಯಕರು ಹನುಮವ್ವನೂ ಸೇರಿ ಅವರೆಲ್ಲರಿಗೂ ತಮ್ಮ ಪಂಕ್ತಿಯಲ್ಲೇ ಊಟ ಬಡಿಸಿದರು. "ನೀವಿಲ್ಲದಿದ್ದರೆ ನಾನಿನ್ನೂ ಕೆಸರಲ್ಲೇ ಕೂತಿರುತ್ತಿದ್ದೆ," ಎಂದರು. ಉಂಗುರವನ್ನು ಹನುಮವ್ವನ ಅಂಗೈಯಲ್ಲಿಟ್ಟು, "ನೀನೇ ತೊಡಿಸವ್ವ" ಎಂದು ಬೆರಳು ಚಾಚಿದರು.