ಹೆಗ್ಗಣ ಗುಡಿಸಿದ ಬಾಗಿಲು

ಬೀಳು ಹೊಲವೊಂದರಲ್ಲಿ ತಾಯಿ ಹೆಗ್ಗಣವೊಂದು ಬಿಲ ತೋಡಿ ಮರಿಗಳೊಡನೆ ಸುಖವಾಗಿತ್ತು. ತೋಡಿದ ಮಣ್ಣಿನೊಡನೆ ಹಿಂದಿನ ಕಾಲದ ಮಡಕೆ ಚೂರೊಂದು ಹೊರಗೆ ಬಿದ್ದಿತ್ತು. ಅಲ್ಲಿ ನೀರಿನ ಪೈಪು ಹೂಳುವ ಮೊದಲು ನೆಲ ಪರೀಕ್ಷಿಸಲು ಜನ ಬರುತ್ತಾರೆಂದು ಕೇಳಿ, ಹೆಗ್ಗಣ ಬಿಲದ ಬಾಯಿ ಗುಡಿಸತೊಡಗಿತು.

“ಹೆಗ್ಗಣಮ್ಮ, ನನ್ನನ್ನು ಇಲ್ಲೇ ಬಿಡು,” ಎಂದಿತು ಚೂರು. “ಅವರು ಹುಡುಕುವುದು ನನ್ನಂಥವರನ್ನೇ. ನನ್ನನ್ನು ಕಂಡರೆ ಇಲ್ಲೊಂದು ಹಳೆಯ ಊರಿತ್ತೆಂದು ತಿಳಿದು, ಪೈಪನ್ನು ಬೇರೆ ಕಡೆಯಿಂದ ಒಯ್ಯುತ್ತಾರೆ.”

“ಸಾಕು, ಸುಮ್ಮನಿರು! ನಿನ್ನನ್ನು ಹುಡುಕಿ ಬಂದವರು ನನ್ನ ಮರಿಗಳನ್ನು ಬಿಟ್ಟಾರೆಯೇ? ಬಡವರ ಬಾಗಿಲು ಯಾರ ಕಣ್ಣಿಗೂ ಬೀಳಬಾರದಪ್ಪ,” ಎಂದು ಹೆಗ್ಗಣ ಅದನ್ನು ಹಳ್ಳಕ್ಕೆ ಉರುಳಿಸಿತು.

ಬಂದವರು ಬಿಲದ ಮಣ್ಣಿನಲ್ಲಿ ಕೈಯಾಡಿಸಿದರು. “ಒಂದು ಚೂರೂ ಇಲ್ಲ ಕಣಯ್ಯ. ಅಗೆಯಲಿ ಬಿಡು,” ಎಂದು ಮುಂದಿನ ಊರಿಗೆ ಹೊರಟರು. ಹೆಗ್ಗಣ ದೇವರಿಗೆ ಕೈಮುಗಿಯಿತು.

ಆಮೇಲೆ ಯಂತ್ರ ಬಂತು. ಮೇಯಲು ಹೋಗಿದ್ದ ಹೆಗ್ಗಣ ಓಡೋಡಿ ಬರುವಷ್ಟರಲ್ಲಿ ಬಿಲವೂ ಇರಲಿಲ್ಲ, ಮರಿಗಳೂ ಇರಲಿಲ್ಲ. ಅಗೆದ ಮಣ್ಣಿನ ಗುಡ್ಡೆಯ ತುಂಬ ಮಡಕೆ ಚೂರುಗಳೇ. ಹೆಗ್ಗಣ ಅದರ ತುದಿಗೇರಿ ಕೂಗಿತು: “ಅಯ್ಯಾ, ಬನ್ನಿ, ನೀವು ಹುಡುಕಿದ್ದು ಇಲ್ಲಿದೆ!” ಅವರಾಗಲೇ ಬಹಳ ದೂರ ಹೋಗಿದ್ದರು.